ರಕ್ತದಲ್ಲಿ ಉಳಿದ ಗುರುತು: ಕ್ಯಾಸನೂರು ಕಾಡುರೋಗವನ್ನು ಅರಿತ ವಿಜ್ಞಾನಿಗಳು



ಕೃಷ್ಣೆಗೆ ಮಹಾಪೂರ ಬಂದು ಇಳಿದ ಮೇಲೆ ನದೀತೀರದ ಊರುಗಳಲ್ಲಿ ಕಾಣುವ ಒಂದು ದೃಶ್ಯವು ತಮಗೆಲ್ಲ ಪರಿಚಿತವಾದದ್ದೇ. ನೀರು ಸರಿದು ಹೋಗಿರುತ್ತದೆ, ಕೆಸರನ್ನು ಬಳಿದು ಮನೆಗಳನ್ನು ತೊಳೆದಿರುತ್ತಾರೆ. ಆದರೂ ಗೋಡೆಯ ಮೇಲೊಂದು ಗೆರೆ ಉಳಿದಿರುತ್ತದೆ. ೨೦೦೫ರ ಪೂರವು ಎಲ್ಲಿಯವರೆಗೆ ಏರಿತ್ತು, ೨೦೧೯ರದು ಅದಕ್ಕಿಂತ ಎಷ್ಟು ಗೇಣು ಮೇಲೆ ಎಂಬುದನ್ನು ಅಥಣಿ, ಕಾಗವಾಡ, ಚಿಕ್ಕೋಡಿ, ರಾಯಬಾಗ ತಾಲ್ಲೂಕುಗಳ ಹೊಳೆಯ ದಂಡೆಯ ಹಿರಿಯರು ಇಂಥ ಗೆರೆಯನ್ನು ತೋರಿಸಿಯೇ ಹೇಳುತ್ತಾರೆ. ಪೂರವನ್ನು ಕಣ್ಣಾರೆ ಕಾಣದವನೂ ಆ ಗೆರೆಯನ್ನು ಓದಿ ಪೂರದ ಚರಿತ್ರೆಯನ್ನು ತಿಳಿಯಬಲ್ಲನು.

ಮನುಷ್ಯನ ರಕ್ತವೂ ಅಂಥದೊಂದು ಗೋಡೆ. ವಿಷಾಣುವೊಂದು ಮೈಯನ್ನು ಹೊಕ್ಕು, ದೇಹವು ಅದರೊಡನೆ ಹೋರಾಡಿ ಗೆದ್ದ ಮೇಲೆ ಜ್ವರ ಇಳಿಯುತ್ತದೆ, ವಿಷಾಣು ಅಳಿಯುತ್ತದೆ. ಆದರೆ ಆ ಹೋರಾಟಕ್ಕಾಗಿ ದೇಹವು ಸಿದ್ಧಪಡಿಸಿಕೊಂಡ ಪ್ರತಿಕಾಯಗಳು ರಕ್ತದಲ್ಲಿ ಬಹುಕಾಲ ಉಳಿಯುತ್ತವೆ. ಯಾವ ವಿಷಾಣುವಿಗಾಗಿ ಹುಟ್ಟಿದವೋ ಅದನ್ನೇ ಗುರುತಿಸಿ ಹಿಡಿಯುವುದು ಅವುಗಳ ಸ್ವಭಾವ. ಈ ಗುರುತನ್ನು ಓದುವ ಶಾಸ್ತ್ರವೇ ವಿಷಾಣು ಸಂಬಂಧಿಯಾದ ಪ್ರತಿರಕ್ಷಾ ವಿಜ್ಞಾನ. ನಮ್ಮ ಕನ್ನಡ ನಾಡಿನ ಕಾಡೊಂದರಲ್ಲಿ ತಲೆಯೆತ್ತಿದ, ಜಗತ್ತು ಅದುವರೆಗೆ ಹೆಸರು ಕೇಳದಿದ್ದ ಒಂದು ರೋಗವನ್ನು ಈ ಶಾಸ್ತ್ರದ ಬಲದಿಂದ ಬೆನ್ನಟ್ಟಿದ ಮಹನೀಯರ ವೃತ್ತಾಂತವನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ರೋಗದ ಹೆಸರು ಕ್ಯಾಸನೂರು ಕಾಡುರೋಗ, ಜನರ ಬಾಯಲ್ಲಿ ಮಂಗನ ಕಾಯಿಲೆ.

ಅದು ಮಲೆನಾಡಿನ ರೋಗವಲ್ಲವೇ, ಬಯಲುಸೀಮೆಯ ನಮಗೇಕೆ ಎಂದು ತಾವು ಕೇಳಬಹುದು. ಕೇಳುವುದು ಸಹಜ. ಕಬ್ಬು, ತಂಬಾಕು, ಜೋಳ ಬೆಳೆಯುವ ನಮ್ಮ ಐದು ತಾಲ್ಲೂಕುಗಳಲ್ಲಿ ಅಂಥ ದಟ್ಟಡವಿಯೇ ಇಲ್ಲ. ಆದರೆ ಒಂದು ಮಾತನ್ನು ಗಮನಿಸಿರಿ. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ನಾವೂ ಶಿವಮೊಗ್ಗೆಯವರೂ ಒಂದೇ ರಾಜ್ಯದ ಪ್ರಜೆಗಳಾಗಿ ಐದು ತಿಂಗಳು ತುಂಬುವಷ್ಟರಲ್ಲಿ, ೧೯೫೭ರ ಮಾರ್ಚಿನಲ್ಲಿ, ಆ ಜಿಲ್ಲೆಯ ಸೊರಬ ತಾಲ್ಲೂಕಿನಿಂದ ಈ ರೋಗದ ಸುದ್ದಿ ಹೊರಟಿತು. ರೋಗವನ್ನು ಪರೀಕ್ಷಿಸಬಲ್ಲ ಪ್ರಯೋಗಾಲಯವಿದ್ದದ್ದು ಪುಣೆಯಲ್ಲಿ. ಪುಣೆಯಿಂದ ಮಲೆನಾಡಿಗೆ ಹೋಗುವ ಹೆದ್ದಾರಿಯು ನಿಪ್ಪಾಣಿಯನ್ನು ಹಾಯುತ್ತದೆ. ಅಂದಿನ ಮೀಟರ್‌ಗೇಜ್ ರೈಲು ಮಾರ್ಗವು ಮೀರಜ್ ಬಿಟ್ಟು ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳ ಮೂಲಕವೇ ಹುಬ್ಬಳ್ಳಿ, ಬೀರೂರುಗಳತ್ತ ಸಾಗುತ್ತಿತ್ತು. ಪುಣೆಯ ಪ್ರಯೋಗಾಲಯಕ್ಕೂ ಕ್ಯಾಸನೂರಿನ ಕಾಡಿಗೂ ನಡುವಣ ದಾರಿಯಲ್ಲಿ ನಮ್ಮ ಸೀಮೆ ಇದೆ. ಇಂದು ಆ ರೋಗವೂ ನಮ್ಮ ಜಿಲ್ಲೆಯ ಪಡುವಣ ಅಂಚಿನವರೆಗೆ ಬಂದು ನಿಂತಿದೆ. ಆ ಮಾತನ್ನು ಕಡೆಗೆ ಹೇಳುತ್ತೇನೆ.

ಮೇಲಾಗಿ, ಸಾಂಕ್ರಾಮಿಕ ರೋಗ ಮತ್ತು ಲಸಿಕೆಗಳ ಚರಿತ್ರೆಯು ನಮಗೆ ಅಪರಿಚಿತವಾದುದೇನಲ್ಲ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ನಮ್ಮ ಸೀಮೆಗೂ ಹಬ್ಬಿ, ಊರಿಗೆ ಊರೇ ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಮ್ಮ ಅಜ್ಜಿಯರಿಂದ ಕೇಳಿದ್ದೇವೆ. ೧೮೯೭ರ ಜನವರಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ತಾನು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರು ಆ ಲಸಿಕೆಯನ್ನು ಪಡೆದರು. ಇನ್ನು ಸಿಡುಬಿನ ಮಾತು. ಬೆಳಗಾವಿಯ ಟಿಳಕವಾಡಿಯಲ್ಲಿ ಇಂದಿಗೂ ವ್ಯಾಕ್ಸಿನ್ ಡಿಪೋ ಎಂದು ಜನರು ಕರೆಯುವ ಸ್ಥಳದಲ್ಲಿ ಕರುಗಳ ಚರ್ಮದಿಂದ ಸಿಡುಬಿನ ಲಸಿಕೆಯನ್ನು ತಯಾರಿಸಿ ಪ್ರಾಂತಕ್ಕೆಲ್ಲ ಕಳಿಸುತ್ತಿದ್ದರು. ನನ್ನ ತಲೆಮಾರಿನವರ ತೋಳಿನ ಮೇಲೆ ಉಳಿದಿರುವ ದುಂಡನೆಯ ಕಲೆ ಆ ಬಗೆಯ ಲಸಿಕೆಯದೇ. ೧೯೮೦ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು. ನಮ್ಮ ಮೊಮ್ಮಕ್ಕಳು ಆ ಕಲೆಯನ್ನು ಕಂಡು ಇದೇನು ಅಜ್ಜಾ ಎಂದು ಕೇಳುತ್ತಾರೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ.

೧೯೫೨ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ ಪುಣೆಯಲ್ಲಿ ವಿಷಾಣು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವು. ಇಂದು ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವುದು ಇದೇ ಕೇಂದ್ರ. ೧೯೭೮ರಲ್ಲಿ ಅದಕ್ಕೆ ಆ ಹೆಸರಾಯಿತು. ಕೇಂದ್ರವು ಕೈಗೊಂಡ ಮೊದಮೊದಲ ಕೆಲಸಗಳಲ್ಲಿ ದೇಶದ ನಾನಾ ಭಾಗಗಳ ಜನರ ರಕ್ತರಸವನ್ನು ಸಂಗ್ರಹಿಸಿ ಪರೀಕ್ಷಿಸುವುದೂ ಒಂದು. ರೋಗಿಗಳ ರಕ್ತವಲ್ಲ, ಆರೋಗ್ಯವಂತರ ರಕ್ತ! ನೋಡಿದವರಿಗೆ ಇದೆಂಥ ವ್ಯರ್ಥ ಪ್ರಯಾಸವೆನಿಸಿರಬೇಕು. ಆದರೆ ಸ್ಮಿತ್‌ಬರ್ನ್, ಕೆರ್ ಮತ್ತು ಗಾತ್ನೆ ಎಂಬ ಸಂಶೋಧಕರು ೧೯೫೪ರಲ್ಲಿ ಪ್ರಕಟಿಸಿದ ಫಲಿತಾಂಶವು, ಯಾರೂ ನಮ್ಮ ದೇಶದಲ್ಲಿ ಕಂಡಿರದಿದ್ದ ಹಲವು ವಿಷಾಣುಗಳ ಗುರುತು ನಮ್ಮ ಜನರ ರಕ್ತದಲ್ಲಿದೆ ಎಂಬುದನ್ನು ತೋರಿಸಿಕೊಟ್ಟಿತು. ಗೋಡೆಯ ಗೆರೆ ಕಂಡಿತ್ತು, ಪೂರವನ್ನು ಕಂಡವರು ಮಾತ್ರ ಇರಲಿಲ್ಲ. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ವಸಂತಕಾಲದ ಮೆದುಳುಜ್ವರವೊಂದಿದೆ. ಅದರ ವಿಷಾಣುವನ್ನು ತಡೆಯಬಲ್ಲ ಪ್ರತಿಕಾಯಗಳು ಸೌರಾಷ್ಟ್ರದ ಜನರ ರಕ್ತದಲ್ಲಿಯೂ ದೊರೆತವು. ಎಲ್ಲಿಯ ರಷ್ಯ, ಎಲ್ಲಿಯ ಸೌರಾಷ್ಟ್ರ! ಆಗ ಅದಕ್ಕೆ ಅರ್ಥ ಹೊಳೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಉಪಯೋಗಕ್ಕೆ ಬಂದಿತು.

೧೯೫೭ರ ಬೇಸಗೆಯಲ್ಲಿ ಕ್ಯಾಸನೂರು ಕಾಡಿನ ಸುತ್ತಲ ಹಳ್ಳಿಗಳ ಜನರು ವಿಚಿತ್ರವಾದ ಜ್ವರದಿಂದ ಹಾಸಿಗೆ ಹಿಡಿದರು. ಅದೇ ಸಮಯದಲ್ಲಿ ಕಾಡಿನೊಳಗೆ ಮುಸುವಗಳೂ ಕೆಂಪು ಮಂಗಗಳೂ ಮರದಿಂದ ಉರುಳಿ ಸಾಯತೊಡಗಿದವು. ಮಂಗ ಸತ್ತ ಕಾಡಿಗೆ ಸೌದೆಗೆಂದೋ ಸೊಪ್ಪಿಗೆಂದೋ ಹೋಗಿ ಬಂದವರೇ ಮಲಗುತ್ತಿದ್ದರೆಂಬುದನ್ನು ಮೊದಲು ಗುರುತಿಸಿದವರು ಹಳ್ಳಿಗರೇ. ರೋಗಕ್ಕೆ ಜನರಿಟ್ಟ ಹೆಸರಿನಲ್ಲಿ ಆ ಅವಲೋಕನ ಇಂದಿಗೂ ಉಳಿದಿದೆ.

ಸುದ್ದಿಯು ಪುಣೆಗೆ ಮುಟ್ಟಿದಾಗ ಅಲ್ಲಿನ ವಿಜ್ಞಾನಿಗಳ ಎದೆ ಝಲ್ಲೆಂದಿತೆಂದರೆ ಅತಿಶಯೋಕ್ತಿಯಾಗಲಾರದು. ಏಕೆಂದರೆ ಮಂಗಗಳೂ ಮನುಷ್ಯರೂ ಜೊತೆಯಾಗಿ ಜ್ವರದಿಂದ ಸಾಯುವುದು ಪೀತಜ್ವರದ ಲಕ್ಷಣ. ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಖಂಡಗಳಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಆ ರೋಗವು ಏಷ್ಯ ಖಂಡಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡುವ ಜಾತಿಯ ಸೊಳ್ಳೆ ಮಾತ್ರ ನಮ್ಮಲ್ಲಿ ಮನೆಮನೆಯಲ್ಲಿದೆ. ಬಂದದ್ದು ಪೀತಜ್ವರವೇ ಆಗಿದ್ದರೆ ದೇಶದ ಗತಿಯೇನು? ಕೇಂದ್ರದ ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಸೊರಬದ ಕಾಡಿಗೆ ಧಾವಿಸಿದರು. ಟ್ರಾಪಿಡೊ ಅವರು ಹಿಂದೆ ಪನಾಮದ ಕಾಡುಗಳಲ್ಲಿ ದುಡಿದವರು, ಪೀತಜ್ವರವನ್ನು ಬಲ್ಲವರು.

ಸತ್ತ ಮಂಗಗಳಿಂದಲೂ ಜ್ವರಪೀಡಿತರಿಂದಲೂ ತೆಗೆದ ರಕ್ತವನ್ನು ಎಳೆಯ ಬಿಳಿ ಇಲಿಗಳಿಗೆ ಚುಚ್ಚಲಾಯಿತು. ಇಲಿಗಳು ಕಾಯಿಲೆ ಬಿದ್ದವು, ವಿಷಾಣು ಕೈಗೆ ಸಿಕ್ಕಿತು. ಇನ್ನು ಉಳಿದದ್ದು ಅದರ ಕುಲಗೋತ್ರವನ್ನು ಕಂಡುಹಿಡಿಯುವ ಕೆಲಸ. ಕಣ್ಣಿಗೆ ಕಾಣದ ವಸ್ತುವಿನ ಕುಲವನ್ನು ತಿಳಿಯುವುದು ಹೇಗೆ? ಇಲ್ಲಿಯೇ ಪ್ರತಿಕಾಯಗಳ ಉಪಯೋಗ. ಪೀತಜ್ವರ, ಡೆಂಗೆ, ಮೆದುಳುಜ್ವರ ಮೊದಲಾದವುಗಳ ಪ್ರತಿಕಾಯಗಳುಳ್ಳ ರಕ್ತರಸಗಳನ್ನು ಪ್ರಯೋಗಾಲಯದಲ್ಲಿ ಬೇರೆ ಬೇರೆಯಾಗಿ ಇಟ್ಟಿರುತ್ತಾರೆ. ಹೊಸ ವಿಷಾಣುವನ್ನು ಒಂದೊಂದರೊಡನೆಯೂ ಕೂಡಿಸಿ, ಯಾವುದು ಅದನ್ನು ಗುರುತಿಸಿ ಹಿಡಿಯುತ್ತದೆಂದು ನೋಡುತ್ತಾರೆ. ಅಪರಿಚಿತನೊಬ್ಬನು ಊರಿಗೆ ಬಂದಾಗ ಒಬ್ಬೊಬ್ಬರನ್ನೇ ಕರೆದು ಇವನು ನಿಮ್ಮ ಬಳಗದವನೋ ಎಂದು ಕೇಳಿದಂತೆ. ಪೀತಜ್ವರದ ರಕ್ತರಸವು ಇವನು ನಮ್ಮವನಲ್ಲ ಎಂದಿತು. ದೇಶವು ನಿಟ್ಟುಸಿರು ಬಿಟ್ಟಿತು. ನಮ್ಮವನೇ ಎಂದು ಕೈಹಿಡಿದದ್ದು ರಷ್ಯದ ಉಣ್ಣೆಜ್ವರದ ರಕ್ತರಸ! ಸೌರಾಷ್ಟ್ರದಲ್ಲಿ ಕಂಡು ಅರ್ಥವಾಗದೆ ಉಳಿದಿದ್ದ ಗುರುತು ಆಗ ವಿಜ್ಞಾನಿಗಳಿಗೆ ನೆನಪಾಯಿತು. ವಿಷಾಣುವು ಆ ಕುಲಕ್ಕೆ ಸೇರಿದ್ದು, ಆದರೆ ಅದೇ ಅಲ್ಲ. ಜಗತ್ತಿಗೆ ಹೊಸದು. ಹುಟ್ಟಿದ ಕಾಡಿನ ಹೆಸರನ್ನೇ ಅದಕ್ಕಿಟ್ಟರು. ಕನ್ನಡದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದ್ದು ಹೀಗೆ.

೧೯೫೭ರಲ್ಲಿ ಮನುಷ್ಯರಲ್ಲಿ ಈ ರೋಗದ ಲಕ್ಷಣಗಳನ್ನು ವಿವರಿಸಿದ ಪ್ರಬಂಧದ ಶಿರೋಭಾಗದಲ್ಲಿ ಆರು ಹೆಸರುಗಳಿವೆ. ವರ್ಕ್, ಟ್ರಾಪಿಡೊ ಅವರ ಬಳಿಕ ನರಸಿಂಹಮೂರ್ತಿ, ಲಕ್ಷ್ಮಣರಾವ್, ಭಟ್, ಕುಲಕರ್ಣಿ. ಗ್ರಂಥಗಳಲ್ಲಿ ಮೊದಲಿನ ಎರಡು ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ, ಮಿಕ್ಕವರನ್ನು ಸ್ಮರಿಸುವವರು ವಿರಳ. ಡಿ. ಪಿ. ನರಸಿಂಹಮೂರ್ತಿಯವರಾದರೋ ಆ ಮೇಲೆಯೂ ಅನೇಕ ವರ್ಷ ಶಿವಮೊಗ್ಗ ಜಿಲ್ಲೆಯ ರೋಗಿಗಳ ಅಧ್ಯಯನವನ್ನು ಬಿಡಲಿಲ್ಲ. ೧೯೫೯ರಿಂದ ೧೯೬೬ರವರೆಗಿನ ರೋಗದ ವೃತ್ತಾಂತವನ್ನು ಉಪಾಧ್ಯಾಯ, ಆಂಡರ್ಸನ್ ಅವರೊಡನೆ ಸೇರಿ ದಾಖಲಿಸಿದವರೂ ಅವರೇ. ನಮ್ಮವರ ಹೆಸರುಗಳನ್ನು ನಾವೇ ಮರೆತರೆ ಇನ್ನಾರು ನೆನೆದಾರು?

ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ಹಣೆ ಸಿಡಿಯುವಂಥ ನೋವು, ಮೈಕೈ ಮುರಿದಂತಾಗುವಿಕೆ, ಕಣ್ಣು ಕೆಂಪಗಾಗುವುದು, ವಾಂತಿ. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತಸ್ರಾವ. ಹಲವರು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಜ್ವರವು ಬಿಟ್ಟು, ಗುಣವಾಯಿತೆಂದುಕೊಳ್ಳುವಷ್ಟರಲ್ಲಿ ಎರಡನೆಯ ಬಾರಿ ಮರಳಿ ಬಂದು, ಮೆದುಳಿಗೆ ಸಂಬಂಧಿಸಿದ ತೊಂದರೆಗಳನ್ನುಂಟುಮಾಡುತ್ತದೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವಿಷಾಣುವನ್ನೇ ಕೊಲ್ಲುವ ಔಷಧವಿಲ್ಲ, ಆರೈಕೆಯೇ ಚಿಕಿತ್ಸೆ. ಒಬ್ಬರಿಂದ ಒಬ್ಬರಿಗೆ ಇದು ಹರಡದು ಎಂಬುದೊಂದೇ ಸಮಾಧಾನ.

ಇದನ್ನು ಹರಡುವ ಉಣ್ಣೆಯ ಕಥೆಯು ಹೆಚ್ಚು ಸ್ವಾರಸ್ಯಕರವಾದುದು. ಮಲೆನಾಡಿಗರು ಉಣುಗು ಎನ್ನುವ ಆ ಜೀವಿಯ ಮರಿಯು ಸಾಸಿವೆಯ ಕಾಳಿಗಿಂತ ದೊಡ್ಡದಲ್ಲ. ಮಳೆಗಾಲದಲ್ಲಿ ಬೆಳೆದ ಉಣುಗು ದನಗಳ ಮೈಗೆ ಹತ್ತುತ್ತದೆ, ಅದರ ಮರಿಗಳು ಚಳಿಗಾಲ ಬೇಸಗೆಗಳಲ್ಲಿ ತರಗೆಲೆಗಳ ನಡುವೆ ಕಾದಿದ್ದು ಸಿಕ್ಕ ಪ್ರಾಣಿಯ ಮೈಯನ್ನು ಏರುತ್ತವೆ. ಆದುದರಿಂದಲೇ ರೋಗವು ಡಿಸೆಂಬರ್ ಜನವರಿಯಿಂದ ಮೇ ತಿಂಗಳವರೆಗೆ ಹೆಚ್ಚು. ಮಂಗವು ಸತ್ತು ಬಿದ್ದೊಡನೆ ಅದರ ಮೈಮೇಲಿನ ನೂರಾರು ಉಣುಗುಗಳು ತಣ್ಣಗಾಗುವ ದೇಹವನ್ನು ಬಿಟ್ಟು ನೆಲಕ್ಕಿಳಿಯುತ್ತವೆ. ಆ ಒಂದು ಮರದ ಬುಡವೇ ಮೃತ್ಯುಸ್ಥಾನವಾಗುತ್ತದೆ.

ಈ ಕಾಡಿನಲ್ಲಿ ಹಲವು ವರ್ಷ ಸಂಶೋಧನೆ ನಡೆಸಿದ ಜಾರ್ಜ್ ಬೊಶೆಲ್ ಎಂಬವರು ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ವೈದ್ಯರು. ತಮ್ಮ ದೇಶದಲ್ಲಿ ಮರ ಕಡಿಯುವವರನ್ನು ನೋಡುತ್ತ ನಿಂತಿದ್ದಾಗ, ಮರವು ಉರುಳಿದೊಡನೆ ಎತ್ತರದ ಕೊಂಬೆಗಳಲ್ಲಿದ್ದ ನೀಲಿ ಸೊಳ್ಳೆಗಳು ಕೆಳಗಿಳಿದು ಕೂಲಿಗಳನ್ನು ಮುತ್ತಿದ್ದನ್ನು ಕಂಡು, ಕಾಡಿನ ಪೀತಜ್ವರದ ಗುಟ್ಟನ್ನು ಬಿಡಿಸಿದವರೆಂದು ಅವರ ಖ್ಯಾತಿ. ಅಂಥ ಕಣ್ಣುಳ್ಳವರು ನಮ್ಮ ಮಲೆನಾಡಿನಲ್ಲಿ ಏನನ್ನು ಕಂಡರು? ಕಾಡು ಕಡಿದು ಗದ್ದೆಯಾಗಿತ್ತು. ಗದ್ದೆಯ ಜೊತೆಗೆ ಜನರು ಬಂದರು, ಜನರ ಜೊತೆಗೆ ದನಗಳು. ದನಗಳು ಕಾಡಂಚಿಗೆ ಮೇಯಲು ಹೋದವು, ಉಣುಗಿಗೆ ಯಥೇಚ್ಛವಾಗಿ ರಕ್ತ ದೊರೆಯಿತು, ಅದರ ಸಂತತಿ ನೂರ್ಮಡಿಯಾಯಿತು. ಕಾಡಿನ ಒಳಗೆ ಇಲಿ ಹೆಗ್ಗಣಗಳ ನಡುವೆ ತನ್ನ ಪಾಡಿಗೆ ತಾನಿದ್ದ ವಿಷಾಣು ಮಂಗಗಳಿಗೂ ಮನುಷ್ಯನಿಗೂ ದಾಟಿತು. ೧೯೬೯ರಲ್ಲಿ ಪ್ರಕಟವಾದ ಬೊಶೆಲ್ ಅವರ ವಿಚಾರದ ತಿರುಳು ಇಷ್ಟು. ದನವನ್ನು ದೂಷಿಸಬೇಕಾಗಿಲ್ಲ, ಅದು ಮೇವಿಗಾಗಿ ಹೋಯಿತು. ಕೊಡಲಿ ಹಿಡಿದವರು ನಾವು.

ವಿಷಾಣುವು ರಷ್ಯದಿಂದ ವಲಸೆ ಹಕ್ಕಿಗಳೊಡನೆ ಬಂದಿರಬಹುದೆಂಬ ಇನ್ನೊಂದು ಊಹೆಯೂ ಆಗ ಇತ್ತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿ ಅವುಗಳ ವಲಸೆಯನ್ನು ಅರಿಯುವ ದೊಡ್ಡ ಯೋಜನೆಗೆ ಈ ಊಹೆಯೂ ಒಂದು ಪ್ರೇರಣೆ. ಹಕ್ಕಿಗಳೇ ತಂದವೆಂಬುದು ಸಿದ್ಧವಾಗಲಿಲ್ಲ. ಆದರೆ ಹಕ್ಕಿಗಳ ಬಗ್ಗೆ ನಮಗೆ ತಿಳಿದದ್ದು ಬಹಳ. ವಿಜ್ಞಾನದಲ್ಲಿ ಸುಳ್ಳಾದ ಊಹೆಯೂ ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ಬಂಧುಗಳೇ, ಈ ಕಾಯಕವು ಸುರಕ್ಷಿತವಾದ ಕೋಣೆಯಲ್ಲಿ ಕುಳಿತು ಮಾಡುವಂಥದಾಗಿರಲಿಲ್ಲ. ಇಂದಿನಂತೆ ಮೈಯೆಲ್ಲ ಮುಚ್ಚುವ ಉಡುಪುಗಳಾಗಲಿ ಗಾಳಿಯನ್ನು ಶೋಧಿಸುವ ಪ್ರಯೋಗಾಲಯಗಳಾಗಲಿ ಆಗ ಇರಲಿಲ್ಲ. ಕಾಡಿನಲ್ಲಿ ಬಟ್ಟೆಯನ್ನು ನೆಲದ ಮೇಲೆ ಎಳೆಯುತ್ತ ಹೋಗಿ, ಅದಕ್ಕೆ ಹತ್ತಿದ ಉಣುಗುಗಳನ್ನು ಒಂದೊಂದಾಗಿ ಆರಿಸಬೇಕು. ಕೊಳೆಯುತ್ತಿರುವ ಮಂಗದ ಹೆಣವನ್ನು ಬಿಡಿಸಿ ನೋಡಬೇಕು. ವಿಷಾಣುವನ್ನು ಇಟ್ಟುಕೊಂಡು ಅಭ್ಯಾಸ ಮಾಡಿದ ಪ್ರಯೋಗಾಲಯಗಳಲ್ಲಿ ಕೆಲಸಗಾರರಿಗೇ ರೋಗ ತಗುಲಿದ್ದುಂಟು, ಪುಣೆಯಲ್ಲಿಯೂ ಅಮೆರಿಕದಲ್ಲಿಯೂ. ಹಾಗೆ ಆಕಸ್ಮಿಕವಾಗಿ ಸೋಂಕು ತಗುಲಿದವರ ರಕ್ತವನ್ನೇ ಪರೀಕ್ಷಿಸಿ, ಈ ವಿಷಾಣುವಿಗೆ ಮನುಷ್ಯದೇಹವು ಹೇಗೆ ಪ್ರತಿಕಾಯಗಳನ್ನು ರೂಪಿಸುತ್ತದೆಂಬುದನ್ನು ವಿವರಿಸಿದ ಪ್ರಬಂಧವೊಂದು ೧೯೬೨ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ತಮ್ಮ ರೋಗವನ್ನೇ ಪಾಠವಾಗಿಸಿದ ಆ ಜನರನ್ನು ಏನೆಂದು ಹೊಗಳುವುದು! ಅವರಷ್ಟೇ ಗೌರವಾರ್ಹರು ವರ್ಷವರ್ಷವೂ ತೋಳು ಚಾಚಿ ರಕ್ತ ಕೊಟ್ಟ ಸೊರಬ, ಸಾಗರಗಳ ಹಳ್ಳಿಗರು. ಅವರ ಹೆಸರು ಯಾವ ಪ್ರಬಂಧದ ಶಿರೋಭಾಗದಲ್ಲಿಯೂ ಇಲ್ಲ.

ಈಗ ಲಸಿಕೆಯ ಮಾತು. ರೋಗವು ರಷ್ಯದ ಜ್ವರದ ದಾಯಾದಿಯೆಂದು ತಿಳಿದೊಡನೆ, ಆ ಜ್ವರದ ಲಸಿಕೆಯೇ ಇದಕ್ಕೂ ಆದೀತೆಂಬ ಆಸೆ ಹುಟ್ಟಿತು. ಇಲಿಯ ಮೆದುಳಿನಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಕೊಂದ ರಷ್ಯದ ವಿಷಾಣುವಿನ ಲಸಿಕೆಯನ್ನು ಶಿವಮೊಗ್ಗ ಜಿಲ್ಲೆಯ ಜನರಿಗೆ ಹಾಕಿದರು. ಫಲಿಸಲಿಲ್ಲ. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಇವನು ನಮ್ಮ ಬಳಗದವನೆಂದು ಗುರುತಿಸುವುದು ಬೇರೆ, ಮೈಯೊಳಗೆ ನಿಂತು ಅವನನ್ನು ತಡೆಯುವುದು ಬೇರೆ. ವಿಷಾಣು ಪ್ರತಿರಕ್ಷೆಯ ಬಹುದೊಡ್ಡ ಪಾಠವೊಂದನ್ನು ಮಲೆನಾಡಿನ ಜನರು ತಮ್ಮ ಮೈಮೇಲೆ ಕಲಿಸಿಕೊಟ್ಟರು. ಬೇರೆ ದಾರಿಯಿಲ್ಲ, ಕ್ಯಾಸನೂರಿನ ವಿಷಾಣುವಿನಿಂದಲೇ ಲಸಿಕೆಯಾಗಬೇಕು ಎಂಬುದು ಖಚಿತವಾಯಿತು.

ಈ ಘಟ್ಟದಲ್ಲಿ ಟಿ. ರಾಮಚಂದ್ರರಾಯರನ್ನು ನೆನೆಯಬೇಕು. ಕೀಟಶಾಸ್ತ್ರಜ್ಞರಾದ ಅವರು ಮುಂಬಯಿ ಪ್ರಾಂತದ ಮಲೇರಿಯ ವಿಭಾಗದಲ್ಲಿದ್ದಾಗ, ಡಿ. ಕೆ. ವಿಶ್ವನಾಥನ್ ಅವರೊಡನೆ ಸೇರಿ ಕಾರವಾರ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ಮಲೇರಿಯವನ್ನು ಹತ್ತಿಕ್ಕುವ ಪ್ರಯೋಗವನ್ನು ೧೯೪೦ರ ದಶಕದ ನಡುವೆ ನಡೆಸಿದವರು. ಗ್ರಾಮೀಣ ಭಾರತದಲ್ಲಿ ಅಂಥ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ನಮ್ಮ ಭಾಗದ ಹಿರಿಯರಿಗೆ ಗೋಡೆಯ ಮೇಲೆ ಔಷಧ ಹೊಡೆಯುವವರು ಚಿರಪರಿಚಿತರು. ಆ ಪದ್ಧತಿಯ ಮೂಲದಲ್ಲಿದ್ದವರಲ್ಲಿ ಇವರೊಬ್ಬರು. ಮುಂದೆ ಅವರು ಪುಣೆಯ ವಿಷಾಣು ಕೇಂದ್ರದ ನಿರ್ದೇಶಕರಾದರು. ವಿದೇಶೀಯರು ಕಟ್ಟಿಕೊಟ್ಟ ಕೇಂದ್ರವನ್ನು ಭಾರತೀಯರೇ ನಡೆಸಬಲ್ಲರೆಂಬುದನ್ನು ತೋರಿಸಿದ ತಲೆಮಾರು ಅವರದು.

ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವಿಷಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ತಯಾರಿಸಿದ ಪ್ರಾಯೋಗಿಕ ಲಸಿಕೆಯ ವರದಿಯು ೧೯೬೫ರಲ್ಲಿ ಹೊರಬಿತ್ತು. ಮನಶಾರಾಮಾನಿ, ದಂಡವತೆ ಮೊದಲಾದವರ ಕೃತಿ ಅದು. ಅಂಥ ಲಸಿಕೆಯನ್ನು ಪಡೆದವರ ರಕ್ತದಲ್ಲಿ ಪ್ರತಿಕಾಯಗಳು ಹೇಗೆ ಮೂಡುತ್ತವೆಂಬುದನ್ನು ಬ್ಯಾನರ್ಜಿ, ದಂಡವತೆ, ಭಟ್ ಮತ್ತು ರಾಮಚಂದ್ರರಾಯರು ೧೯೬೯ರಲ್ಲಿ ವಿವರಿಸಿದರು. ದಂಡವತೆಯವರ ಹೆಸರು ಈ ಲಸಿಕೆಯ ಚರಿತ್ರೆಯುದ್ದಕ್ಕೂ ಕಾಣುತ್ತದೆ. ೧೯೯೦ರಿಂದ ೧೯೯೨ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಒಂದು ಸಲ ಚುಚ್ಚಿಸಿಕೊಂಡವರಿಗೆ ಶೇಕಡಾ ೭೯.೩ರಷ್ಟು, ಎರಡು ಸಲ ಚುಚ್ಚಿಸಿಕೊಂಡವರಿಗೆ ಶೇಕಡಾ ೯೩.೫ರಷ್ಟು ರಕ್ಷಣೆ ದೊರೆಯಿತೆಂದು ಅವರೂ ಸಹೋದ್ಯೋಗಿಗಳೂ ೧೯೯೪ರಲ್ಲಿ ಪ್ರಕಟಿಸಿದರು. ಒಬ್ಬ ಮನುಷ್ಯನು ಒಂದು ಲಸಿಕೆಯ ಬೆನ್ನುಹತ್ತಿ ಸುಮಾರು ಮೂವತ್ತು ವರ್ಷ ದುಡಿಯುವುದೆಂದರೆ ಏನೆಂಬುದನ್ನು ತಾವೇ ಊಹಿಸಿರಿ.

ಆದರೆ ಕಥೆಯು ಇಲ್ಲಿಗೆ ಸುಖಾಂತವಾಗಲಿಲ್ಲ. ಕೊಂದ ವಿಷಾಣುವಿನ ಲಸಿಕೆಯು ಮೈಯಲ್ಲಿ ಮೂಡಿಸುವ ಗುರುತು ಬೇಗನೆ ಮಾಸುತ್ತದೆ. ಮೊದಲು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆ ಮೇಲೆ ವರ್ಷಕ್ಕೊಂದರಂತೆ ಐದು ವರ್ಷ ಹಾಕಿಸಿಕೊಳ್ಳಬೇಕು. ಚುಚ್ಚಿದ ಕಡೆ ಬಹಳ ನೋವು. ಕೂಲಿಯನ್ನು ಬಿಟ್ಟು ಅಷ್ಟು ಸಲ ಬರುವವರೆಷ್ಟು ಮಂದಿ? ೨೦೦೫ರಿಂದ ೨೦೧೦ರವರೆಗಿನ ಅನುಭವವನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವು, ಎರಡು ಸಲ ಪಡೆದವರಿಗೆ ದೊರೆತ ರಕ್ಷಣೆ ಶೇಕಡಾ ೬೨.೪, ಬೂಸ್ಟರ್ ಕೂಡ ಪಡೆದವರಿಗೆ ೮೨.೯ ಎಂದು ತಿಳಿಸಿತು. ಹಿಂದಿನ ಸಂಖ್ಯೆಗಳಿಗೂ ಇವಕ್ಕೂ ಇರುವ ಅಂತರವನ್ನು ನೋಡಿರಿ. ವರ್ಷಗಟ್ಟಲೆ ಹಾಕುತ್ತ ಬಂದ ಲಸಿಕೆ, ಕೊಟ್ಟವರು ಸರಕಾರದ ವೈದ್ಯರು, ಲೆಕ್ಕ ಹಾಕಿದವರಲ್ಲಿಯೂ ಸರಕಾರದ ವೈದ್ಯರಿದ್ದಾರೆ. ನಮ್ಮದು ಇಷ್ಟೇ ಆಗಿದೆ ಎಂದು ಬರೆದು 
ಕೈ ಮುಗಿದರು. ಲಸಿಕೆಯನ್ನು ಕಂಡುಹಿಡಿದದ್ದಕ್ಕಿಂತ ಈ ನಿಷ್ಠುರತೆಯೇ ದೊಡ್ಡದೆಂದು ನನಗೆ ಎಷ್ಟೋ ಸಲ ಅನಿಸಿದೆ. ತನ್ನ ಕೈಕೆಲಸದ ಕೊರತೆಯನ್ನು ತಾನೇ ಅಳೆದು ಹೇಳುವವರು ಎಲ್ಲ ಕ್ಷೇತ್ರಗಳಲ್ಲಿಯೂ ಅಪರೂಪ.

೨೦೨೨ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಸೇರಿ ಕೆಲಸವನ್ನು ಕೈಗೊಂಡಿದೆ.

ಈ ನಡುವೆ ರೋಗವು ಒಂದೆಡೆ ನಿಂತಿಲ್ಲ. ಬಹುಕಾಲ ಶಿವಮೊಗ್ಗ ಮತ್ತು ಅದರ ನೆರೆಯ ಕಾಡುಗಳಲ್ಲಿದ್ದದ್ದು ೧೯೮೨ರ ಸುಮಾರಿಗೆ ದಕ್ಷಿಣ ಕನ್ನಡದ ಬೆಳ್ತಂಗಡಿಯ ಕಡೆ ಕಾಣಿಸಿಕೊಂಡಿತು. ೨೦೧೨ರಲ್ಲಿ ಬಂಡೀಪುರದ ಕಾಡಿನಲ್ಲಿ, ಆ ಬಳಿಕ ನೀಲಗಿರಿ, ವಯನಾಡುಗಳಲ್ಲಿ. ೨೦೧೯ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. ಉತ್ತರಕ್ಕೆ ೨೦೧೫ರಲ್ಲಿ ಗೋವೆಯ ಸತ್ತರಿಯಲ್ಲಿ, ೨೦೧೬ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಹರಡಿತು. ಸತ್ತರಿಯೆಂದರೆ ನಮ್ಮ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿಗೆ ತಾಗಿದ ನೆಲ. ಆ ಕಡೆ ರೋಗಕ್ಕೆ ತುತ್ತಾದವರಲ್ಲಿ ಗೇರುತೋಟಗಳಲ್ಲಿ ದುಡಿಯುವ ಕೂಲಿಗಳು ಹೆಚ್ಚು. ಗೇರುಹಣ್ಣಿನ ಕಾಲವೂ ಉಣುಗಿನ ಮರಿಗಳ ಕಾಲವೂ ಒಂದೇ. ಹಣ್ಣು ತಿನ್ನಲು ಮಂಗಗಳೂ ಅಲ್ಲಿಗೇ ಬರುತ್ತವೆ.

ಆದುದರಿಂದ ಒಂದು ಬಿನ್ನಹ. ಕೆಲಸಕ್ಕಾಗಿ ಘಟ್ಟದ ಕೆಳಗೆ ಹೋಗುವವರು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಯಾತ್ರೆಗೆಂದು ಮಲೆನಾಡಿನ ಕ್ಷೇತ್ರಗಳಿಗೆ ಹೋಗಿ ಕಾಡಂಚಿನಲ್ಲಿ ತಂಗುವ ಭಕ್ತರೂ ಇದ್ದಾರೆ. ಅಂಥವರು ಮೈ ತುಂಬ ಬಟ್ಟೆ ಧರಿಸಲಿ, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಲಿ, ಸಂಜೆ ಬಂದು ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಒಗೆಯಲಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ನಾನು ಇಂಥ ಕಾಡಿನ ಸೀಮೆಗೆ ಹೋಗಿ ಬಂದಿದ್ದೇನೆಂದು ವೈದ್ಯರಿಗೆ ಹೇಳುವುದನ್ನು ಮರೆಯಬಾರದು. ಅಥಣಿಯಲ್ಲೋ ರಾಯಬಾಗದಲ್ಲೋ ಕುಳಿತ ವೈದ್ಯರಿಗೆ ಹೇಳದ ಹೊರತು ಈ ರೋಗದ ಶಂಕೆಯೇ ಬರಲಾರದು. ಹೇಳಿದರೆ ಅವರು ರಕ್ತವನ್ನು ಪರೀಕ್ಷೆಗೆ ಕಳಿಸುತ್ತಾರೆ, ಶಿವಮೊಗ್ಗೆಗೆ ಅಥವಾ ನಿಪ್ಪಾಣಿಯ ದಾರಿಯಾಗಿ ಪುಣೆಗೆ.